ಜೆಸಿ-120ರ ಮುಂದೆ ಐದು ಓವರ್‌ಡ್ರೈವ್ ಪೆಡಲ್

ಆಂಪ್, ಅಂದರೆ ಗಿಟಾರ್ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ಮನೆಗೆ ಬಂದ ದಿನ ಅಮ್ಮ ಕೇಳಿದ್ದು, "ವಾಷಿಂಗ್ ಮೆಷಿನ್ ತಂದ್ಯೇನೋ?" ಅಂತ. ಅವರ ತಪ್ಪೇನಿಲ್ಲ. ರೋಲ್ಯಾಂಡ್ ಜೆಸಿ-120 ಗಾತ್ರ ಹಾಗೇ ಇದೆ. ತೂಕ 28 ಕೆ.ಜಿ. ಕೆಳಗೆ ಗಾಲಿ ಇವೆ, ಆದರೆ ಎರಡನೇ ಮಹಡಿಯ ಮೆಟ್ಟಿಲಿಗೆ ಗಾಲಿ ತಗೊಂಡು ಏನು ಮಾಡೋದು? ನಾನು, ಅಕ್ಕನ ಮಗ ಇಬ್ಬರೂ ಸೇರಿ ಹೊತ್ತೆವು. ಮಧ್ಯೆ ಎರಡು ಸಲ ಇಳಿಸಿ ಸುಧಾರಿಸಿಕೊಂಡೆವು. ಮೇಲೆ ಬಂದ ಮೇಲೆ ಅವನು ಕೇಳಿದ, "ಮಾವ, ಪ್ರತಿ ಪ್ರೋಗ್ರಾಂಗೂ ಇದನ್ನ ಇಳಿಸಿ ಹತ್ತಿಸಬೇಕಾ?" ನಾನು ಉತ್ತರ ಕೊಡಲಿಲ್ಲ. ನೀರು ಕುಡಿದೆ.

ನನ್ನ ಪರಿಚಯ ಇಷ್ಟೇ. ಮೈಸೂರು, ಹಗಲು ಬ್ಯಾಂಕ್ ಕೆಲಸ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಶನಿವಾರ, ಭಾನುವಾರ ಆರ್ಕೆಸ್ಟ್ರಾದಲ್ಲಿ ಗಿಟಾರ್. ರಾಜ್ಯೋತ್ಸವ ಅಂದರೆ ನವೆಂಬರ್ 1 ಒಂದೇ ದಿನ ಅಲ್ಲ, ನಮ್ಮ ಕಡೆ ತಿಂಗಳು ಪೂರ್ತಿ ನಡೆಯುತ್ತದೆ, ಗೊತ್ತಲ್ಲ. ಇಷ್ಟು ವರ್ಷ ಒಂದು ಮಲ್ಟಿ ಎಫೆಕ್ಟ್ ಪ್ರೊಸೆಸರ್ ಇಟ್ಟುಕೊಂಡು ನೇರ ಮಿಕ್ಸರ್‌ಗೆ ವೈರ್ ಕೊಡುತ್ತಿದ್ದೆ. ಸ್ಟೇಜ್ ಮೇಲೆ ಕೀಬೋರ್ಡ್, ರಿದಂ ಪ್ಯಾಡ್, ಇಬ್ಬರು ಗಾಯಕರು. ಇವರ ನಡುವೆ ನನ್ನ ಗಿಟಾರ್ ನನಗೇ ಕೇಳುತ್ತಿರಲಿಲ್ಲ. ಬೆನ್ನ ಹಿಂದೆ ಒಂದು ಆಂಪ್ ಇರಬೇಕು ಅನ್ನೋ ಆಸೆ ಹಳೆಯದು. ಬೆಂಗಳೂರಿನಲ್ಲಿ ಒಬ್ಬರು ಮನೆ ಖಾಲಿ ಮಾಡಿ ವಿದೇಶಕ್ಕೆ ಹೊರಟಿದ್ದರು. 52 ಸಾವಿರಕ್ಕೆ ಮಾತಾಯಿತು. ಅದಕ್ಕಿಂತ ಕಡಿಮೆಗೆ ಬರಲಿಲ್ಲ ಅನ್ನೋದು ಬೇರೆ ಮಾತು.

ಜೆಸಿ ಅಂದರೆ ನಮ್ಮವರಿಗೆ ಜಯಚಾಮರಾಜೇಂದ್ರ. ಬೆಂಗಳೂರಿನವರಿಗೆ ಕಾರಿನ ಬಿಡಿಭಾಗ ಸಿಗುವ ಜೆಸಿ ರೋಡ್. ಇಲ್ಲಿ ಮಾತ್ರ ಜಾಝ್ ಕೋರಸ್. 1975ರಲ್ಲಿ ಬಂದ ಮಾಡೆಲ್. ಒಳಗೆ ವಾಲ್ವ್ (ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ) ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. 12 ಇಂಚಿನ ಎರಡು ಸ್ಪೀಕರ್, ಒಂದೊಂದಕ್ಕೂ 60 ವಾಟ್‌ನ ಬೇರೆ ಬೇರೆ ಆಂಪ್ಲಿಫೈಯರ್. ಎರಡು ಸೇರಿ 120. ಕೋರಸ್ ಹಾಕಿದರೆ ಒಂದು ಸ್ಪೀಕರ್‌ನಲ್ಲಿ ಗಿಟಾರ್ ಇದ್ದ ಹಾಗೇ ಬರುತ್ತದೆ, ಇನ್ನೊಂದರಲ್ಲಿ ಶ್ರುತಿ ಒಂಚೂರು ಮೇಲೆ ಕೆಳಗೆ ತೂಗಾಡುತ್ತಾ ಬರುತ್ತದೆ. ಎರಡೂ ಬೆರೆಯುವುದು ಗಾಳಿಯಲ್ಲಿ, ನಮ್ಮ ಕಿವಿಯ ಹತ್ತಿರ. ಅದಕ್ಕೇ ಅಷ್ಟು ಅಗಲವಾಗಿ ಕೇಳುತ್ತದೆ. ಮಾರನೇ ವರ್ಷವೇ ಈ ಕೋರಸ್ ಸರ್ಕ್ಯೂಟನ್ನು ಬೇರೆ ತೆಗೆದು ಸಿಇ-1 ಅಂತ ಪೆಡಲ್, ಅಂದರೆ ಗಿಟಾರ್‌ಗೂ ಆಂಪ್‌ಗೂ ನಡುವೆ ಇಟ್ಟು ಕಾಲಲ್ಲಿ ತುಳಿಯುವ ಡಬ್ಬಿ, ಮಾಡಿದರು. ಬಾಸ್ ಕಂಪನಿಯ ಪೆಡಲ್‌ಗಳ ವಂಶ ಶುರುವಾಗಿದ್ದು ಅಲ್ಲಿಂದ. ಮೆಟಾಲಿಕಾದಂಥ ಅಬ್ಬರದ ಬ್ಯಾಂಡ್‌ನ ಜೇಮ್ಸ್ ಹೆಟ್‌ಫೀಲ್ಡ್ ಕೂಡ ಮೆತ್ತಗಿನ ಭಾಗಗಳಿಗೆ ಇದೇ ಆಂಪ್ ಹಿಡಿದಿದ್ದರು.

ಕ್ಲೀನ್, ಅಂದರೆ ಒರಟು ಸೇರದ ತಿಳಿ ಸದ್ದಿನ ಬಗ್ಗೆ ಜಾಸ್ತಿ ಹೇಳುವುದು ಬೇಡ. ಅದ್ಭುತ. ಒಂದೊಂದು ತಂತಿಯೂ ಬೇರೆ ಬೇರೆ ಕೇಳುತ್ತದೆ. ನನ್ನ ಎಡಗೈ ಕಿರುಬೆರಳು ಸರಿಯಾಗಿ ಒತ್ತುತ್ತಿಲ್ಲ ಅನ್ನೋದು ನನಗೆ ಗೊತ್ತಾಗಿದ್ದೇ ಈ ಆಂಪ್ ಬಂದ ಮೇಲೆ. ಕೇಳುವವರೂ ಒಳಗೇ ಅಂದುಕೊಂಡಿರಬೇಕು ಇಷ್ಟು ವರ್ಷ.

ಆದರೆ ಆರ್ಕೆಸ್ಟ್ರಾ ಅಂದಮೇಲೆ ಕ್ಲೀನ್ ಒಂದೇ ಸಾಕಾಗಲ್ಲ ಅಲ್ವಾ? ಎಂಬತ್ತರ ದಶಕದ ಹಾಡುಗಳಲ್ಲಿ ಚರಣಕ್ಕೆ ಮುಂಚೆ ಬರುವ ಆ ಗಿಟಾರ್ ತುಣುಕು ಒರಟಾಗಿ, ಎಳೆದು ನುಡಿಸಬೇಕು. ಮುಂದೆ ಕೂತ ಹುಡುಗರು ಶಿಳ್ಳೆ ಹೊಡೆಯುವುದೇ ಆ ಜಾಗಕ್ಕೆ. ಆಂಪ್ ಮೇಲೆಯೇ 'ಡಿಸ್ಟಾರ್ಷನ್' ಅಂತ ಒಂದು ನಾಬ್ ಇದೆ. ತಿರುಗಿಸಿ ನೋಡಿದೆ. ಕೆಟ್ಟು ಹೋದ ರೇಡಿಯೋ. ಮತ್ತೆ ಸೊನ್ನೆಗೆ ತಂದೆ, ಇವತ್ತಿಗೂ ಮುಟ್ಟಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಓವರ್‌ಡ್ರೈವ್, ಅಂದರೆ ಸದ್ದನ್ನು ಒರಟು ಮಾಡುವ ಪೆಡಲ್‌ನ ಹುಡುಕಾಟ.

ಮೊದಲ ಪೆಡಲ್ ಅಕ್ಕನ ಮಗನದ್ದು. ಐಬನೆಜ್ ಟಿಎಸ್9, ಎಲ್ಲರೂ ಟ್ಯೂಬ್ ಸ್ಕ್ರೀಮರ್ ಅನ್ನುವ ಹಸಿರು ಡಬ್ಬಿ. ಅವನು ಕಾಲೇಜ್ ಬ್ಯಾಂಡ್‌ನಲ್ಲಿ ವಾಲ್ವ್ ಆಂಪ್ ಜೊತೆ ಬಳಸುತ್ತಾನೆ. ಅವನ ಲೆಕ್ಕ ಸುಲಭ: ಡ್ರೈವ್ (ಒರಟುತನದ ನಾಬ್) ಪೂರ್ತಿ ಕೆಳಗೆ, ಲೆವೆಲ್ (ಜೋರಿನ ನಾಬ್) ಪೂರ್ತಿ ಮೇಲೆ. "ಹಾಗಿಟ್ರೆ ಬೆಂಕಿ ಮಾವ" ಅಂದ. ಹಾಗೇ ಇಟ್ಟೆ, ತುಳಿದೆ. ಬೆಂಕಿ ಇಲ್ಲ, ಹೊಗೆಯೂ ಇಲ್ಲ. ಗಿಟಾರ್ ಜೋರಾಯಿತು, ಮೂಗಿನಲ್ಲಿ ಮಾತಾಡಿದ ಹಾಗೆ ಆಯಿತು, ಅಷ್ಟೇ. ಕೆಳಗಿನ ಮನೆಯವರು ಮಾತ್ರ ಬೆಲ್ ಹೊಡೆದರು.

ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡು ಒಂದು ವಾರ ಕೂತೆ. ವಿಷಯ ಇಷ್ಟು. ವಾಲ್ವ್ ಆಂಪ್‌ಗೆ ಪೆಡಲ್‌ನಿಂದ ಜೋರು ಸಿಗ್ನಲ್ ಕೊಟ್ಟರೆ ವಾಲ್ವ್ ತಾನೇ ಮೆಲ್ಲಗೆ ತುಂಬಿಕೊಂಡು ಒರಟಾಗುತ್ತದೆ. ಅಲ್ಲಿ ಪೆಡಲ್ ಬರೀ ತಳ್ಳುವ ಕೆಲಸ ಮಾಡುತ್ತದೆ, ಸದ್ದು ಮಾಡುವುದು ಆಂಪ್. ಜೆಸಿ ಹಾಗಲ್ಲ. ನೀವು ತಳ್ಳಿದಷ್ಟೂ ಅದು ಜೋರಾಗುತ್ತದೆ, ಒರಟಾಗುವುದಿಲ್ಲ. ಅಷ್ಟು ಜಾಗ ಇದೆ ಒಳಗೆ. ಕೊನೆಗೆ ಆ ಜಾಗವೂ ಮುಗಿದರೆ ಬರುವ ಸದ್ದು ಕಿವಿಗೆ ಹಿತವಲ್ಲ. ನಮ್ಮಜ್ಜಿ ಮನೆಯ ಹಳೇ ಕಬ್ಬಿಣದ ಕಾವಲಿ ದೋಸೆಗೆ ತನ್ನದೂ ಒಂದು ರುಚಿ ಸೇರಿಸುತ್ತಿತ್ತು. ಜೆಸಿ ಸ್ಟೀಲ್ ತಟ್ಟೆ. ಏನು ಬಡಿಸಿದಿರೋ ಅದೇ ಇರುತ್ತದೆ ತಟ್ಟೆಯಲ್ಲಿ. ಹಾಗಾಗಿ ಇದರ ಮುಂದೆ ಇಡುವ ಪೆಡಲ್ ಪೂರ್ತಿ ಅಡುಗೆ ತಾನೇ ಮಾಡಿ ತರಬೇಕು.

ಇನ್ನೊಂದು ತೊಂದರೆ ಮೇಲಿನ ಸದ್ದಿನದು. ಸಾಮಾನ್ಯ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಆಸುಪಾಸು ದಾಟಿದ ಮೇಲೆ ಸದ್ದನ್ನು ಇಳಿಸಿಬಿಡುತ್ತದೆ. ಓವರ್‌ಡ್ರೈವ್‌ನಲ್ಲಿ ಹುಟ್ಟುವ ಕರಕರ ಎಲ್ಲ ಅಲ್ಲಿ ಸೋಸಿ ಹೋಗುತ್ತದೆ. ಜೆಸಿ ಮಾತ್ರ ಮೇಲಿನದ್ದನ್ನೆಲ್ಲ ಧಾರಾಳವಾಗಿ ಹೊರಗೆ ಬಿಡುತ್ತದೆ. ಕ್ಲೀನ್‌ಗೆ ಅದೇ ಇದರ ಹೊಳಪು. ಪೆಡಲ್ ತುಳಿದಾಗ ಅದೇ ಶಾಪ. ಕಾದ ಎಣ್ಣೆಗೆ ಒದ್ದೆ ಕರಿಬೇವು ಹಾಕಿದ ಹಾಗೆ ಚರ್ ಅನ್ನುತ್ತದೆ.

ಅದಕ್ಕೇ ಪೆಡಲ್ ಬದಲಿಸುವ ಮೊದಲು ಆಂಪ್ ನಾಬ್ ಸರಿ ಮಾಡಿಕೊಳ್ಳಿ. ನಾನು ಸುಮ್ನೆ ಎಲ್ಲವನ್ನೂ ಐದಕ್ಕೆ ಇಟ್ಟು ಎರಡು ತಿಂಗಳು ಒದ್ದಾಡಿದೆ. ಈಗ ಬ್ರೈಟ್ ಸ್ವಿಚ್ ಆಫ್. ಟ್ರೆಬಲ್ 3. ಬೇಸ್ 4. ಮಿಡಲ್ ಪೂರ್ತಿ 10. ಮಿಡಲ್ ಹತ್ತಕ್ಕಿಟ್ಟರೆ ಕೆಟ್ಟದಾಗಿ ಕೇಳಬಹುದು ಅಂತ ಹೆದರಬೇಡಿ. ಈ ಆಂಪ್‌ನಲ್ಲಿ ಮೂರೂ ನಾಬ್ ನಡುವಿಗೆ ಇಟ್ಟರೆ ಮಧ್ಯದ ಸದ್ದು ಆಗಲೇ ಗುಳಿ ಬಿದ್ದಿರುತ್ತದೆ. ಹತ್ತಕ್ಕೆ ಏರಿಸಿದರೆ ಆ ಗುಳಿ ಮುಚ್ಚುತ್ತದೆ. ಹೀಗಿಟ್ಟ ಮೇಲೆ ಅದೇ ಹಸಿರು ಡಬ್ಬಿ ಬೇರೆ ಪೆಡಲ್ ತರ ಕೇಳಿತು.

ಈಗ ಒಂದೊಂದಾಗಿ. ನನ್ನ ಗಿಟಾರ್ ಯಮಾಹಾ ಪೆಸಿಫಿಕಾ 112. ತಂತಿಯ ಅಲುಗಾಟ ಹಿಡಿಯುವ ಪಿಕಪ್ ಮೂರು: ಸೇತುವೆ (ಬ್ರಿಡ್ಜ್) ಕಡೆ ಹಂಬಕರ್, ಅಂದರೆ ಜೋಡಿ ಕಾಯಿಲ್, ಉಳಿದೆರಡು ಸಿಂಗಲ್ ಕಾಯಿಲ್.

ಟಿಎಸ್9ಗೆ ಮತ್ತೆ ಬರೋಣ. ಹಳೇ ಟಿಎಸ್808 ಬಂದಿದ್ದು 1979ರಲ್ಲಿ, ಇದು 1982ರದ್ದು. ಒಳಗಿನ ಚಿಪ್, ಅದರ ಸುತ್ತ ಎರಡು ಡಯೋಡ್, ಅಲೆಯ ಮೇಲಿನ ತುದಿ, ಕೆಳಗಿನ ತುದಿ ಎರಡನ್ನೂ ಸಮವಾಗಿ, ಮೆತ್ತಗೆ ಚಪ್ಪಟೆ ಮಾಡುತ್ತವೆ. ಒರಟು ಮಾಡುವ ಮೊದಲು ಬೇಸ್ ಕಡಿಮೆ ಮಾಡುತ್ತದೆ, ಆಮೇಲೆ ಟ್ರೆಬಲ್ ಇಳಿಸುತ್ತದೆ. ಉಳಿಯುವುದು 720 ಹರ್ಟ್ಸ್ ಸುತ್ತಮುತ್ತಲ ಗೂನು. ಮೂಗಿನ ದನಿಗೆ ಕಾರಣ ಅದೇ. ಜೆಸಿಯ ಮುಂದೆ ಈ ಗೂನು ವರ ಅಂತ ನನ್ನ ಅಭಿಪ್ರಾಯ. ಆದರೆ ಅಕ್ಕನ ಮಗನ ಲೆಕ್ಕ ತಿರುಗಿಸಬೇಕು. ನಾಬ್ ಮೇಲಿನ ಗೆರೆಯನ್ನು ಗಡಿಯಾರದ ಮುಳ್ಳು ಅಂದುಕೊಂಡರೆ, ಡ್ರೈವ್ ಮೂರು ಗಂಟೆಗೆ, ಲೆವೆಲ್ ಹನ್ನೆರಡಕ್ಕೆ, ಟೋನ್ ಹತ್ತಕ್ಕೆ. ಸೋಲೋ ಚೆನ್ನಾಗಿ ಮುಂದೆ ಬರುತ್ತದೆ, ಕೀಬೋರ್ಡ್ ಅದನ್ನು ಮುಚ್ಚಿ ಹಾಕಲ್ಲ. ತೆಳ್ಳಗೆ ಅನ್ನಿಸಿದರೆ ಆಂಪ್‌ನಲ್ಲಿ ಬೇಸ್ 4ರಿಂದ 6ಕ್ಕೆ ಏರಿಸಿ. ಒರಟುತನ ಮಾತ್ರ ಕಮ್ಮಿ. ರಾಕ್ ಹಾಡಿಗೆ ಸಾಕಾಗಲ್ಲ.

ಬಾಸ್ ಎಸ್‌ಡಿ-1, ಹಳದಿ ಡಬ್ಬಿ. ನನ್ನ ಹತ್ತಿರ ಇರುವ ಪೆಡಲ್‌ಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದು ಇದೇ, ಜಾಸ್ತಿ ತುಳಿಸಿಕೊಳ್ಳುವುದೂ ಇದೇ. 1981ರಿಂದ ಇದೆ. ಇದರ ಅಣ್ಣ 1977ರ ಓಡಿ-1, ಅದಕ್ಕೆ ಟೋನ್ ನಾಬ್ ಕೂಡ ಇರಲಿಲ್ಲ. ಎಸ್‌ಡಿ-1 ಒಳಗೆ ಡಯೋಡ್ ಎರಡಲ್ಲ, ಮೂರು. ಒಂದು ದಿಕ್ಕಿಗೆ ಎರಡು, ಇನ್ನೊಂದು ದಿಕ್ಕಿಗೆ ಒಂದು. ಹಾಗಾಗಿ ಅಲೆಯ ಒಂದು ಬದಿ ಬೇಗ ಚಪ್ಪಟೆಯಾಗುತ್ತದೆ, ಇನ್ನೊಂದು ಬದಿ ತಡವಾಗಿ. ಕಿವಿಗೆ ಇದು ಹೇಗೆ ಕೇಳುತ್ತದೆ ಅಂದರೆ, ತಂತಿ ಎಳೆದು ಬಿಟ್ಟ ಮೇಲೆ ಸ್ವರ ಸಾಯುವಾಗ ಕೊನೆಯಲ್ಲೊಂದು ಗೊಗ್ಗರು ಉಳಿಯುತ್ತದೆ. ವಯಸ್ಸಾದ ಗಾಯಕರ ಗಂಟಲಿನ ತರ.

ಒಂದು ರಾತ್ರಿ ಇದನ್ನೇ ಇಟ್ಟುಕೊಂಡು ಕೂತೆ. ಎರಡನೇ ತಂತಿ, ಹದಿಮೂರನೇ ಫ್ರೆಟ್, ಮೇಲಕ್ಕೆ ಒಂದು ಸ್ವರ ಎಳೆದು ಹಿಡಿದೆ. ಡ್ರೈವ್ ಎರಡು ಗಂಟೆಗೆ. ಗಿಟಾರ್‌ನ ವಾಲ್ಯೂಮ್ ಹತ್ತರಿಂದ ಏಳಕ್ಕೆ ಇಳಿಸಿದರೆ ಗೊಗ್ಗರು ಹೋಗಿ ದನಿ ತಿಳಿಯಾಯಿತು. ಐದಕ್ಕೆ ಬಂದರೆ ಹೆಚ್ಚೂ ಕಡಿಮೆ ಕ್ಲೀನ್. ಮತ್ತೆ ಹತ್ತಕ್ಕೆ ಹೋದರೆ ವಾಪಸ್. ಆಂಪ್ ತನ್ನದೇನೂ ಸೇರಿಸದ ಕಾರಣ ಬೆರಳಿನ ಈ ಆಟ ಪೂರ್ತಿ ಕೇಳುತ್ತದೆ. ಅವತ್ತು ನನಗೆ ಈ ಆಂಪ್ ಮೇಲಿನ ಸಿಟ್ಟು ಹೋಯಿತು. ಹನ್ನೊಂದೂವರೆಗೆ ಹೆಂಡತಿ ಬಂದು, "ಒಂದೇ ಸ್ವರ ಎಷ್ಟೊತ್ತು?" ಅಂದಳು. ವಾಲ್ಯೂಮ್ ಒಂದಕ್ಕಿಂತ ಕೆಳಗೇ ಇತ್ತು ಅನ್ನೋದು ನನ್ನ ವಾದ.

ಅದು ಇನ್ನೊಂದು ಒಳ್ಳೆ ವಿಷಯ. ವಾಲ್ವ್ ಆಂಪ್‌ನವರು ಒಳ್ಳೆ ಸದ್ದು ಬೇಕು ಅಂದರೆ ಜೋರು ಮಾಡಲೇಬೇಕು. ನಮಗೆ ಒರಟುತನ ಪೆಡಲ್‌ನಲ್ಲೇ ಆಗಿ ಬರುತ್ತದೆ, ಆದ್ದರಿಂದ ಪಿಸುಮಾತಿನಷ್ಟು ಸಣ್ಣಗೆ ಇಟ್ಟರೂ ಸಿಗುತ್ತದೆ. ಹುಷಾರು ಮಾತ್ರ ಬೇಕು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಸದ್ದು ಕಡಿಮೆ ಕೇಳುತ್ತವೆ. ಮನೆಯಲ್ಲಿ ಹದವಾಗಿದೆ ಅಂತ ಇಟ್ಟ ಟೋನ್ ಸ್ಟೇಜ್ ಮೇಲೆ ಕಿವಿ ಚುಚ್ಚುತ್ತದೆ. ಮನೆಯಲ್ಲಿ ಸ್ವಲ್ಪ ಮಂಕು ಅನ್ನಿಸಿದರೆ ಅದೇ ಸರಿ.

ಬಾಸ್ ಬಿಡಿ-2, ಬ್ಲೂಸ್ ಡ್ರೈವರ್. ನೀಲಿ, 1995ರದ್ದು. ಎಲ್ಲರೂ ಹೊಗಳುತ್ತಾರೆ. ವಾಲ್ವ್ ಆಂಪ್ ಮುಂದೆ ನಾನೂ ಕೇಳಿದ್ದೇನೆ, ಚೆನ್ನಾಗಿದೆ. ಜೆಸಿ ಮುಂದೆ ಬೇಡ. ಹೊಳಪಿನ ಮೇಲೆ ಹೊಳಪು. ಟೋನ್ ಪೂರ್ತಿ ಇಳಿಸಿ, ಗಿಟಾರ್ ಟೋನ್ ಅರ್ಧಕ್ಕೆ ಇಳಿಸಿ, ಕುತ್ತಿಗೆ ಕಡೆಯ ಪಿಕಪ್ ಹಾಕಿದರೆ ಒಂದು ಮಟ್ಟಕ್ಕೆ ಬರುತ್ತದೆ. ಅಷ್ಟೆಲ್ಲ ಕಸರತ್ತು ಯಾಕೆ? ಕಾರ್ಡ್ ಹಿಡಿದು ಸಣ್ಣಗೆ ಒರಟು ಮಾಡುವುದಕ್ಕೆ ಮಾತ್ರ ಇದು ಬೇರೆಯವಕ್ಕಿಂತ ವಾಸಿ, ಒಪ್ಪಿಕೊಳ್ಳುತ್ತೇನೆ.

ಪ್ರೋಕೋ ರ‍್ಯಾಟ್. ಕಪ್ಪು ಕಬ್ಬಿಣದ ಡಬ್ಬಿ, ತಲೆ ಮೇಲೆ ಬಿದ್ದರೆ ಹೊಲಿಗೆ ಹಾಕಿಸಿಕೊಳ್ಳಬೇಕು. ಅಮೆರಿಕದ ಮಿಷಿಗನ್‌ನ ಕಲಾಮಜೂ ಊರಲ್ಲಿ 1978ರಲ್ಲಿ ಹುಟ್ಟಿದ್ದು. ನಿಜ ಹೇಳಬೇಕು ಅಂದರೆ ಇದು ಓವರ್‌ಡ್ರೈವ್ ಅಲ್ಲ, ಡಿಸ್ಟಾರ್ಷನ್. ಚಿಪ್ ದಾಟಿ ಬಂದ ಅಲೆಯನ್ನು ಡಯೋಡ್‌ಗಳು ಕತ್ತಿಯಲ್ಲಿ ಕಡಿದ ಹಾಗೆ ಕಡಿಯುತ್ತವೆ. ಇದು ಜೆಸಿ ಮುಂದೆ ಖಂಡಿತ ಹಾಳು ಮಾಡುತ್ತದೆ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಕಾರಣ ಅದರ ಮೂರನೇ ನಾಬ್, ಫಿಲ್ಟರ್. ಇದು ಬೇರೆ ಪೆಡಲ್‌ಗಳ ಟೋನ್‌ಗೆ ತದ್ವಿರುದ್ಧ. ಬಲಕ್ಕೆ ತಿರುಗಿಸಿದಷ್ಟೂ ಮೇಲಿನ ಸದ್ದು ಕಡಿಮೆಯಾಗುತ್ತದೆ. ಗೊತ್ತಿಲ್ಲದೆ ಮೊದಲ ದಿನ ಎಡಕ್ಕೆ ತಿರುಗಿಸಿ ಕಿವಿ ಮುಚ್ಚಿಕೊಂಡೆ. ಫಿಲ್ಟರ್ ಎರಡು ಗಂಟೆಗೆ ಇಟ್ಟ ಮೇಲೆ ಆ ಕರಕರ ಹೋಗಿ, ಹಸಿ ಮರ ಕೊಯ್ಯುವಾಗಿನ ಹಾಗೆ ದಪ್ಪನೆ ದನಿ ಬಂತು. ಡಿಸ್ಟಾರ್ಷನ್ ಒಂಬತ್ತು ಗಂಟೆ ದಾಟಿಸಬೇಡಿ, ಅಷ್ಟಕ್ಕೇ ಸಾಕಷ್ಟಿದೆ. ಜಾಝ್ ವಾದಕ ಜಾನ್ ಸ್ಕೋಫೀಲ್ಡ್ ರ‍್ಯಾಟ್ ಬಳಸುವುದು ಪ್ರಸಿದ್ಧ. ಅವರ ಆಂಪ್ ಬೇರೆ, ಕೈ ಬೇರೆ, ಬಿಡಿ. ಆದರೂ ಜಾಝ್‌ನವರಿಗೆ ಈ ಇಲಿ ಹೇಗೆ ಒಗ್ಗಿತು ಅನ್ನೋದು ನನಗೆ ಅರ್ಥವಾಗಿದ್ದು ಆ ಫಿಲ್ಟರ್ ತಿರುಗಿಸಿದ ಮೇಲೆ.

ಐದನೆಯದು ಜೋಯೋ ಅಮೆರಿಕನ್ ಸೌಂಡ್. ಚೀನಾದ್ದು. ಇದು ಓವರ್‌ಡ್ರೈವ್‌ಗಿಂತ ಜಾಸ್ತಿ, ಒಂದು ಫೆಂಡರ್ ಆಂಪನ್ನೇ ಡಬ್ಬಿಯಲ್ಲಿ ತುಂಬಲು ನೋಡಿದ್ದಾರೆ. ಆರು ನಾಬ್. ಸ್ಪೀಕರ್ ಪೆಟ್ಟಿಗೆ ಮಾಡುವ ಸೋಸುವ ಕೆಲಸವೂ ಒಳಗೇ ಇದೆ. ಅಂದರೆ ಜೆಸಿಗೆ ಯಾವುದು ಇಲ್ಲ ಅಂತ ನಾನು ಗೊಣಗುತ್ತಿದ್ದೆನೋ ಅದನ್ನೇ ಇದು ತರುತ್ತದೆ. ಎಸ್‌ಡಿ-1 ಆದ ಮೇಲೆ ಇದನ್ನು ಇಟ್ಟು ಯಾವಾಗಲೂ ಆನ್ ಬಿಟ್ಟರೆ, ಎಸ್‌ಡಿ-1 ತಳ್ಳುವುದಕ್ಕೆ ಒಂದು ವಾಲ್ವ್ ಆಂಪ್ ಸಿಕ್ಕ ಹಾಗೆ. ಅಕ್ಕನ ಮಗನ ಲೆಕ್ಕ ಇಲ್ಲಿ ನಡೆಯುತ್ತದೆ! ಡ್ರೈವ್ ಕೆಳಗೆ, ಲೆವೆಲ್ ಮೇಲೆ. ಆಂಪ್ ಹಿಂದಿನ ರಿಟರ್ನ್ ಜ್ಯಾಕ್‌ಗೆ ನೇರವಾಗಿ ಕೊಟ್ಟೂ ನೋಡಿದೆ. ಹಿಂದೆ ಲೆವೆಲ್ ಸ್ವಿಚ್ ಇದೆ, ಪೆಡಲ್‌ಗೆ -20ಕ್ಕೆ ಇಡಬೇಕು. ಹಾಗೆ ಕೊಟ್ಟರೆ ಮುಂದಿನ ಟ್ರೆಬಲ್, ಬೇಸ್ ನಾಬ್ ಕೆಲಸ ಮಾಡಲ್ಲ, ಎಲ್ಲ ಪೆಡಲ್‌ನಲ್ಲೇ. ಸದ್ದು ಇನ್ನೂ ಚೆನ್ನಾಗಿತ್ತು. ಆದರೆ ಹೀಗೆ ಮಾಡಿದರೆ ಜೆಸಿಯ ಆ ಗಾಜಿನಂಥ ಕ್ಲೀನ್ ಹೋಯಿತಲ್ಲ? 28 ಕೆ.ಜಿ. ಹೊತ್ತಿದ್ದು ಯಾತಕ್ಕೆ ಹಾಗಾದರೆ? ಹಾಗಾಗಿ ರಾಕ್ ಹಾಡು ಜಾಸ್ತಿ ಇರುವ ಪ್ರೋಗ್ರಾಂಗೆ ಮಾತ್ರ ಇದನ್ನು ತೆಗೆದುಕೊಂಡು ಹೋಗುತ್ತೇನೆ.

ಎಲ್ಲ ಪೆಡಲ್‌ಗೂ ಸೇರಿ ಒಂದು ಮಾತಿದೆ, ಇದು ಯಾರೂ ನನಗೆ ಹೇಳಿರಲಿಲ್ಲ. ಓವರ್‌ಡ್ರೈವ್ ಆದ ಸದ್ದು ಒತ್ತಿ ಚಪ್ಪಟೆ ಆಗಿರುತ್ತದೆ. ಜೆಸಿಯ ಕ್ಲೀನ್ ಒತ್ತಿರುವುದಿಲ್ಲ, ಜೋರಾಗಿ ಕಾರ್ಡ್ ಹೊಡೆದರೆ ಅಷ್ಟೇ ಜೋರಾಗಿ ಎದ್ದು ಬರುತ್ತದೆ. ಮನೆಯಲ್ಲಿ ಎರಡನ್ನೂ ಸಮ ಮಾಡಿಕೊಂಡು ಹೋದರೆ ಸ್ಟೇಜ್‌ನಲ್ಲಿ ಏನಾಗುತ್ತದೆ ಅಂದರೆ, ಪಲ್ಲವಿಗೆ ಕಾರ್ಡ್ ಹೊಡೆಯುವಾಗ ಎಲ್ಲರಿಗೂ ಕೇಳುತ್ತೀರಿ, ಸೋಲೋಗೆ ಪೆಡಲ್ ತುಳಿದ ತಕ್ಷಣ ಮುಳುಗಿ ಹೋಗುತ್ತೀರಿ. ಶಿಳ್ಳೆ ಬೀಳುವ ಜಾಗದಲ್ಲೇ! ಕ್ಲೀನ್‌ಗಿಂತ ಪೆಡಲ್ ಲೆವೆಲ್ ಸಾಕಷ್ಟು ಜಾಸ್ತಿ ಇಡಿ. ಮನೆಯಲ್ಲಿ ಇದು ಅತಿಯಾಯಿತು ಅನ್ನಿಸುವಷ್ಟು.

ಕೋರಸ್ ವಿಷಯಕ್ಕೆ ಬಂದರೆ, ಎಸ್‌ಡಿ-1 ಡ್ರೈವ್ ಕಡಿಮೆ ಇಟ್ಟು ಆಂಪ್‌ನ ಕೋರಸ್ ಹಾಕಿದರೆ ಎಂಬತ್ತರ ದಶಕ ಮನೆಗೆ ಬಂತು ಅಂತಲೇ ಲೆಕ್ಕ. ಕೋರಸ್ ಆಂಪ್ ಒಳಗಿದೆ, ಪೆಡಲ್ ಆದ ಮೇಲೆ ಬರುತ್ತದೆ, ಅದಕ್ಕೇ ಕಲಸುಮೇಲೋಗರ ಆಗಲ್ಲ. ರ‍್ಯಾಟ್ ಜೊತೆ ಕೋರಸ್ ಹಾಕಿ ಪೂರ್ತಿ ಕಾರ್ಡ್ ಹೊಡೆದರೆ ಮಾತ್ರ ಗೊಜ್ಜು.

ಆದರೆ ಇದೇ ಕೋರಸ್ ನನ್ನ ಮಾನ ಕಳೆದಿದ್ದೂ ಇದೆ. ಪಾಂಡವಪುರದ ಹತ್ತಿರ ಒಂದು ಊರು, ಗಣೇಶನ ಪೆಂಡಾಲ್. ಸೌಂಡ್‌ನ ಹುಡುಗ ಆಂಪ್ ನೋಡಿ ಖುಷಿಪಟ್ಟು, "ಅಣ್ಣಾ, ಮೈಕ್ ಇಡ್ತೀನಿ" ಅಂದ. ಇದ್ದಿದ್ದು ಒಂದೇ ಮೈಕ್. ಎರಡು ಸ್ಪೀಕರ್‌ನಲ್ಲಿ ಒಂದರ ಮುಂದೆ ಇಟ್ಟ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಕೋರಸ್ ಆನ್, ಹಳದಿ ಡಬ್ಬಿ ಆನ್, ಸೋಲೋ ಶುರು. ನನಗೆ ಸ್ವರ್ಗ. ಗಾಯಕಿ ಮಾತ್ರ ತಿರುಗಿ ತಿರುಗಿ ನೋಡುತ್ತಿದ್ದಾರೆ. ಹಾಡು ಮುಗಿದ ತಕ್ಷಣ ಹತ್ತಿರ ಬಂದು, "ಸರ್, ಟ್ಯೂನ್ ಹೋಗಿದೆ ನೋಡ್ಕೊಳ್ಳಿ" ಅಂದರು. ಟ್ಯೂನರ್ ಇಟ್ಟು ನೋಡಿದೆ, ಆರೂ ತಂತಿ ಸರಿ ಇವೆ. ಮುಂದಿನ ಹಾಡಿಗೂ ಅದೇ. ಅಕ್ಕನ ಮಗ ಜನರ ಮಧ್ಯೆ ನಿಂತು ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದ. ವಾಪಸ್ ಬರುವಾಗ ಟೆಂಪೋದಲ್ಲಿ ಕೇಳಿದೆ. ನೀರಿನ ಮೇಲೆ ತೇಲುವ ಗಿಟಾರ್. ಮೈಕ್ ಇದ್ದಿದ್ದು ತೂಗಾಡುವ ಸ್ಪೀಕರ್ ಮುಂದೆ! ನೆಟ್ಟಗಿನ ಸ್ಪೀಕರ್ ಸದ್ದು ನನ್ನ ಕಿವಿಗೆ ಮಾತ್ರ ಬರುತ್ತಿತ್ತು, ಊರವರಿಗೆ ಹೋಗಿದ್ದು ಬರೀ ಓಲಾಟ. ಈಗ ನೆಟ್ಟಗಿನ ಸ್ಪೀಕರ್ ಜಾಲರಿ ಮೇಲೆ ಒಂದು ಚೂರು ಬಿಳಿ ಟೇಪ್ ಅಂಟಿಸಿದ್ದೇನೆ. ನಿಮ್ಮದರಲ್ಲಿ ಯಾವುದು ಅಂತ ಕೋರಸ್ ಹಾಕಿ ಒಂದೊಂದಕ್ಕೂ ಕಿವಿ ಕೊಟ್ಟು ನೋಡಿ. ಎರಡು ಮೈಕ್ ಸಿಕ್ಕರೆ ಪುಣ್ಯ.

ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದಿನ ಬಗ್ಗೆ ಸ್ವಲ್ಪ. ಪೆಡಲ್‌ಗೆ 9 ವೋಲ್ಟ್ ಅಡಾಪ್ಟರ್ ಬೇಕು, ನಡುವಿನ ಪಿನ್ ನೆಗೆಟಿವ್ ಇರಬೇಕು. ನಾನು ಒಂದು ಅಂಗಡಿಯಲ್ಲಿ ಕೇಳಿದಾಗ "ಎಲ್ಲಾ ಒಂದೇ ಸರ್" ಅಂತ ಒಂದು ಕೊಟ್ಟರು. ನಡುವೆ ಪಾಸಿಟಿವ್. ಪುಣ್ಯಕ್ಕೆ ಪೆಡಲ್ ಸುಡಲಿಲ್ಲ, ದೀಪ ಹತ್ತಲಿಲ್ಲ ಅಷ್ಟೇ. ಎರಡನೆಯದು ಪಿನ್ ಸರಿ ಇತ್ತು, ಆದರೆ ಕೀ ಅಂತ ಸಣ್ಣ ಶಿಳ್ಳೆ. ಬೇರೆ ಆಂಪ್‌ನಲ್ಲಿ ಗೊತ್ತಾಗುತ್ತಿರಲಿಲ್ಲವೇನೋ, ಜೆಸಿ ಅದನ್ನೂ ಚೊಕ್ಕವಾಗಿ ಕೇಳಿಸಿತು. ಪೆಡಲ್‌ಗೆ ಅಂತಲೇ ಮಾಡಿದ ಅಡಾಪ್ಟರ್ ತಗೊಳ್ಳಿ, ಮುನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ಅದಕ್ಕಿಂತ ಮುಖ್ಯ ಅರ್ತ್. ಒಂದು ಪೆಂಡಾಲ್‌ನಲ್ಲಿ ನನ್ನ ಮೂರು ಪಿನ್ ಪ್ಲಗ್ ಹಿಡಿಸಲಿಲ್ಲ ಅಂತ ಎರಡು ಪಿನ್ ಕನ್ವರ್ಟರ್ ಹಾಕಿದ್ದರು. ಗಾಯಕರಿಗೆ ದನಿಗೂಡಿಸಲು ಮೈಕ್ ಹತ್ತಿರ ಬಾಯಿ ತಂದೆ, ತುಟಿಗೆ ಚುರ್ ಅಂತು. ಕೈ ತಂತಿ ಮೇಲಿತ್ತು. ಅವತ್ತಿನಿಂದ ಚೀಲದಲ್ಲಿ ಟೆಸ್ಟರ್ ಇದೆ. ಮೂರನೇ ಪಿನ್‌ಗೆ ಸರಿಯಾದ ಅರ್ತ್ ಸಿಗುವವರೆಗೆ ಆಂಪ್ ಆನ್ ಮಾಡುವುದಿಲ್ಲ. ಸಂಘಟಕರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಹೊಸದಾಗಿ ತಗೊಳ್ಳುವವರಿಗೆ ನನ್ನ ಸಲಹೆ. ಮನೆಗೆ ಮತ್ತು ಸಣ್ಣ ಹಾಲ್‌ಗೆ ಆದರೆ ಇದೇ ವಂಶದ ಜೆಸಿ-40 ನೋಡಿ. 10 ಇಂಚಿನ ಎರಡು ಸ್ಪೀಕರ್, ಹೊರುವುದೂ ಸುಲಭ. 120 ಬೇಕೇ ಬೇಕು ಅಂದರೆ ಕೆಳಗಿನ ಮನೆ ಹಿಡಿಯಿರಿ. ಪೆಡಲ್ ಒಂದೇ ಅಂದರೆ ಎಸ್‌ಡಿ-1. ಎರಡು ಅಂದರೆ ಜೊತೆಗೆ ರ‍್ಯಾಟ್, ಫಿಲ್ಟರ್ ಬಲಕ್ಕೆ ತಿರುಗಿಸಿದ್ದು. ಯಾವತ್ತೂ ಕ್ಲೀನ್ ನುಡಿಸುವುದೇ ಇಲ್ಲ, ಪೂರ್ತಿ ರಾಕ್ ಅನ್ನುವವರು ಈ ಆಂಪ್‌ಗೆ ದುಡ್ಡು ಹಾಕಬೇಡಿ.

ಟಿಎಸ್9 ಇನ್ನೂ ನನ್ನ ಹತ್ತಿರವೇ ಇದೆ. ದಸರಾ ರಜಕ್ಕೆ ಬಂದಾಗ ತಗೊಂಡು ಹೋಗ್ತೀನಿ ಅಂದಿದ್ದಾನೆ ಅಕ್ಕನ ಮಗ. ಬ್ಲೂಸ್ ಡ್ರೈವರ್ ಮಾರಾಟಕ್ಕಿದೆ. ಡಬ್ಬಿ ಇದೆ, ಬಿಲ್ ಇಲ್ಲ, ಒಂದು ಮೂಲೆಯಲ್ಲಿ ಬಣ್ಣ ಹೋಗಿದೆ. ವಾಲ್ವ್ ಆಂಪ್ ಇರುವವರು ಕೇಳಿ.